ಬೆಳ್ಳಗಾದ ಕಿಟಕಿ, ಗಲ್ಲಾದ ಮೇಲಿನ ಸಾವ್ಕಾರ್ರು

ಈ ಸಲ ಸ್ವಲ್ಪ ಕೋಡಿನ ಕೊರೆತ. ಬರೀ ಹರಟೆ ಓದೋಕೆ ಅಂತ ಇಲ್ಲಿಗೆ ಬರುವವರು ನಡುನಡುವೆ ಹಾರಿಸಿಕೊಂಡು ಹೋದರೂ ನನಗೇನೂ ಬೇಜಾರಿಲ್ಲ :) ಆದರೆ ಹಳೇ ನುಡಿ ಫೈಲುಗಳನ್ನು ಯೂನಿಕೋಡಿಗೆ ಬದಲಾಯಿಸುವ ಕೆಲಸಕ್ಕೆ ನಮ್ಮಲ್ಲಿ ಬಹಳಷ್ಟು ಜನ ಒಂದಲ್ಲ ಒಂದು ಸಲ ಕೈ ಹಾಕಿಯೇ ಇದ್ದೀರಿ. ಆಗ ಕಿಟಕಿ ಬೆಳ್ಳಗಾಗಿ, ಮೇಲೆ ‘ನಾಟ್ ರೆಸ್ಪಾಂಡಿಂಗ್’ ಅಂತ ಬಂದು, ಏನು ಮಾಡೋದು ಅಂತ ತೋಚದೆ ಕೂತಿದ್ದೂ ಇರಬಹುದು. ಈ ಬರಹ ಆ ಬೆಳ್ಳಗಾದ ಕಿಟಕಿಯ ಬಗ್ಗೆ.

ಮಾಮಾನ ಅಂಗಡಿ ಇರೋದು ಕುಳಗೇರಿ ಕ್ರಾಸಿನಲ್ಲಿ. ಗೊತ್ತಿಲ್ಲದವರಿಗೆ ಹೇಳ್ತೀನಿ, ಹುಬ್ಬಳ್ಳಿಯಿಂದ ವಿಜಯಪುರ, ಸೊಲ್ಲಾಪುರದ ಕಡೆ ಹೋಗುವ ಹೆದ್ದಾರಿಯಲ್ಲಿ ನರಗುಂದ ದಾಟಿ, ಕೊಣ್ಣೂರ ಹತ್ತಿರ ಮಲಪ್ರಭೆಯ ಸೇತುವೆ ದಾಟಿದ ಮೇಲೆ ಸಿಗುವ ಕೂಡುರಸ್ತೆ ಅದು. ನೆಟ್ಟಗೆ ಹೋದರೆ ಕೆರೂರು, ಬಲಕ್ಕೆ ಹೊರಳಿದರೆ ಬಾದಾಮಿ. ಮೊದಲು 218 ಅಂತಿದ್ದ ಹೆದ್ದಾರಿಗೆ ಈಗ 52 ಅಂತ ನಂಬರು. ಬಾದಾಮಿಗೆ ಹೋಗುವ ಪ್ರವಾಸಿಗರು ಗುಹೆ ನೋಡುವ ಅವಸರದಲ್ಲಿ ಈ ಊರನ್ನು ಚಾ ಕುಡಿದ ಜಾಗ ಅಂತಷ್ಟೇ ನೆನಪಿಟ್ಟುಕೊಂಡಿರುತ್ತಾರೆ. ಮಾಮಾನದು ಝೆರಾಕ್ಸು, ಡಿಟಿಪಿ, ಲಗ್ನಪತ್ರಿಕೆ, ತಹಶೀಲ್ದಾರರಿಗೆ ಅರ್ಜಿ, ಎಲ್ಲಾ ಒಂದರಲ್ಲೇ ಇರುವ ಅಂಗಡಿ. ಇಪ್ಪತ್ತು ವರ್ಷಕ್ಕೂ ಮೇಲಾಯ್ತು, ಟೈಪಿಂಗೆಲ್ಲ ನುಡಿಯಲ್ಲೇ.

ಅಲ್ಲಿಗೆ ಒಬ್ಬ ಮಾಸ್ತರು ಬರುತ್ತಿದ್ದರು. ನಿವೃತ್ತರು. ಮಲಪ್ರಭೆಯ ದಂಡೆಯ ಹಳ್ಳಿಗಳಲ್ಲಿ ತಿರುಗಾಡಿ ಹಂತಿ ಪದ, ಬೀಸೋ ಪದ, ಸೋಬಾನೆ ಪದಗಳನ್ನ ಹಾಳೆಯ ಮೇಲೆ ಬರಕೊಂಡು ಬಂದು, ನಾಕು ಪುಟ ಟೈಪು ಮಾಡಿಸಿ, ಒಂದು ಪ್ರಿಂಟು ತಗೊಂಡು ಹೋಗೋರು. ಕಣದಲ್ಲಿ ರಾಶಿ ತುಳಿಸುವಾಗ ಎತ್ತಿನ ಹಿಂದೆ ಸುತ್ತುತ್ತಾ ಹಾಡೋದು ಹಂತಿ ಪದ. ಈಗ ರಾಶಿ ಮಾಡೋದು ಮಶೀನು, ಹಾಡಿಗೆ ಕೆಲಸ ಇಲ್ಲ. ಹೀಗೇ ವರ್ಷಗಟ್ಟಲೆ ನಡೆದು ಸುಮಾರು ಸಾವಿರದಷ್ಟು ಫೈಲುಗಳಾದವು. ಮಾಸ್ತರು ತೀರಿಕೊಂಡರು. 2019ರ ಆಗಸ್ಟಿನಲ್ಲಿ ನವಿಲುತೀರ್ಥದ ಡ್ಯಾಮಿನಿಂದ ಬಿಟ್ಟ ನೀರಿಗೆ ಮಲಪ್ರಭೆ ಉಕ್ಕಿ ಹರಿದಾಗ ಅವರ ಮನೆಯೊಳಗೂ ನೀರು ನುಗ್ಗಿತು. ನೋಟುಬುಕ್ಕು, ಪ್ರಿಂಟು ಎಲ್ಲ ಮುದ್ದೆಯಾಗಿ ಹೋದವು. ಹಾಗಾಗಿ ಮಾಮಾನ ಕಂಪ್ಯೂಟರಿನಲ್ಲಿದ್ದ ಆ ಫೋಲ್ಡರೇ ಉಳಿದ ಒಂದೇ ಪ್ರತಿ.

ಮಾಸ್ತರ ಮಗಳಿಗೆ ಅವನ್ನು ಮೊಬೈಲಿನಲ್ಲಿ ಓದುವಂತೆ ಮಾಡಿಕೊಡಬೇಕಿತ್ತು.

ನುಡಿಯ ಹಳೇ ಫೈಲು ಸುಮ್ಮನೆ ಮೊಬೈಲಿನಲ್ಲಿ ತೆರೆದರೆ ಯಾವುದೋ ಯುರೋಪಿನ ಭಾಷೆಯ ಅಕ್ಷರಗಳ ಜಾತ್ರೆ ಕಾಣುತ್ತದೆ. ಇಂಗ್ಲಿಷಿನ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳ ಚಿತ್ರ ಕೂರಿಸಿದ ಫಾಂಟು ಅದು. ಇದರಲ್ಲಿ ನುಡಿಯ ತಪ್ಪೇನಿಲ್ಲ, ಆಗ ಇದ್ದ ದಾರಿಯೇ ಅದು. ಆದರೆ ಅದನ್ನು ಯೂನಿಕೋಡಿಗೆ ತರುವುದು ಬರೀ ‘ಇದರ ಬದಲು ಅದು’ ಅಂತ ಹಾಕುವ ಕೆಲಸವಲ್ಲ. ‘ಅಕ್ಕಿ’ ತಗೊಳ್ಳಿ. ಹಳೇ ಫೈಲಿನಲ್ಲಿ ಕಣ್ಣಿಗೆ ಕಂಡ ಹಾಗೆ ಅ, ಆಮೇಲೆ ಕಿ, ಆಮೇಲೆ ಕೆಳಗಿನ ಕ ಒತ್ತು. ಯೂನಿಕೋಡಿನಲ್ಲಿ ಉಚ್ಚಾರದ ಕ್ರಮ, ಗುಣಿಸು ಕೊನೆಗೆ ಹೋಗಬೇಕು. ‘ಸೂರ್ಯ’ದ ಅರ್ಕಾವೊತ್ತು ಹಳೆಯದರಲ್ಲಿ ಯ ಆದಮೇಲೆ, ಹೊಸದರಲ್ಲಿ ಯ ಮುಂಚೆ. ಪದ ಪದಕ್ಕೂ ಹಿಂದೆ ಮುಂದೆ ನೋಡಬೇಕು.

ಮಾಮಾನಿಗೆ ಪರಿಚಯದ ಹುಡುಗನೊಬ್ಬ ಇದಕ್ಕೆ ಅಂತ ಪೈಥಾನ್ ಮತ್ತು ಕ್ಯೂಟಿಯಲ್ಲಿ ಒಂದು ಪ್ರೋಗ್ರಾಮು ಬರೆದುಕೊಟ್ಟಿದ್ದ. ಫೋಲ್ಡರ್ ತೋರಿಸಿ ‘ಬದಲಾಯಿಸು’ ಅಂತ ಒತ್ತಿದರೆ ಆಯ್ತು. ಪರಿವರ್ತನೆ ನಿಜಕ್ಕೂ ಚೆನ್ನಾಗಿಯೇ ಮಾಡುತ್ತಿತ್ತು, ಬದಲಾದ ಪ್ರತಿ ಪದವನ್ನೂ ಒಂದು ದೊಡ್ಡ ಪದಪಟ್ಟಿಯ ಜೊತೆ ಹೋಲಿಸಿ ಅನುಮಾನ ಬಂದದ್ದಕ್ಕೆ ಗುರುತು ಹಾಕುತ್ತಿತ್ತು. ಆದರೆ ಒತ್ತಿದ ಸ್ವಲ್ಪ ಹೊತ್ತಿಗೆ ಕಿಟಕಿ ಬೆಳ್ಳಗೆ. ಅಂಗಡಿಯಲ್ಲಿ ಕೆಲಸಕ್ಕಿದ್ದ ಹುಡುಗ ಎರಡು ನಿಮಿಷ ಕಾಯುತ್ತಿದ್ದ, ಆಮೇಲೆ ಟಾಸ್ಕ್ ಮ್ಯಾನೇಜರ್ ತೆಗೆದು ಎಂಡ್ ಟಾಸ್ಕ್ ಕೊಡುತ್ತಿದ್ದ.

“ಅದು ಸತ್ತಿತ್ರಿ ಅಣ್ಣಾರ,” ಅಂದ. “ಬೆಳ್ಳಗಾತು, ಕ್ಲಿಕ್ ಮಾಡಿದ್ರ ಏನೂ ಇಲ್ಲ. ಅದಕ ಮುಗಿಸಿ ಮತ್ತ ಚಾಲೂ ಮಾಡ್ತಿದ್ನಿ.”

ಅದು ಸತ್ತಿರಲಿಲ್ಲ. ಒಳಗೆ ಬೆವರು ಸುರಿಸಿ ಕೆಲಸ ಮಾಡುತ್ತಿತ್ತು. ಫಜೀತಿ ಏನಪ್ಪಾ ಅಂದರೆ ಆ ಪ್ರೋಗ್ರಾಮು ಹೊಸ ಪಠ್ಯವನ್ನು ಅದೇ ಫೈಲಿನ ಮೇಲೇ ಬರೆಯುತ್ತಿತ್ತು. ಬರೆಯೋಕೆ ಅಂತ ಫೈಲು ತೆರೆದ ಕೂಡಲೇ ಹಳೆಯದು ಖಾಲಿ. ಅರ್ಧ ಬರೆದಾಗ ಕತ್ತು ಹಿಸುಕಿದರೆ ಅರ್ಧ ಹಾಡೇ ಉಳಿಯೋದು. ಮೂರು ನಾಕು ಸಲ ಹಾಗೆ ಮಾಡಿದ್ದರಿಂದ ನಾಕು ಫೈಲು ಹೋಗಿದ್ದವು. “ಉಳದಿದ್ದರ ಉಳಿಸಿಕೊಡು ಅಳಿಯಾ,” ಅಂತ ಮಾಮಾ ಫೋನು ಮಾಡಿದ. ಸೋರ್ಸ್ ಕೋಡು ಇತ್ತು, ಶನಿವಾರ ರಾತ್ರಿಯ ಬಸ್ಸು ಹತ್ತಿದೆ.

ಈಗ ಬೆಳ್ಳಗೆ ಯಾಕಾಗುತ್ತೆ ಅನ್ನೋದಕ್ಕೆ ಬರೋಣ. ಮಾಮಾನ ಅಂಗಡಿಯ ಪಕ್ಕ ಒಂದು ಹೋಟೆಲು. ಬಸ್ಸು ಹತ್ತು ನಿಮಿಷ ನಿಂತರೆ ಮೂವತ್ತು ಜನ ಒಮ್ಮೆಗೇ ಇಳಿದು ನುಗ್ಗುತ್ತಾರೆ. ಗಲ್ಲಾದ ಮೇಲೆ ಸಾವ್ಕಾರ್ರು ಕೂತಿರುತ್ತಾರೆ. ಅವರ ಕೆಲಸ ನೋಡಿ: ಒಬ್ಬ ಬಂದ, ಏನು ಬೇಕು ಕೇಳಿದರು, ರೊಕ್ಕ ತಗೊಂಡರು, ಒಳಗೆ “ಎರಡ ಪ್ಲೇಟ ಮಿರ್ಚಿ, ನಾಕ ಚಾ” ಅಂತ ಕೂಗಿದರು, ಮುಂದಿನವರು ಬರ್ರಿ. ಇಷ್ಟೇ, ಮತ್ತೆ ಮತ್ತೆ. ಕಿಟಕಿ ಇರುವ ಯಾವುದೇ ಪ್ರೋಗ್ರಾಮಿನ ಹೊಟ್ಟೆಯಲ್ಲಿ ಇಂಥ ಒಬ್ಬ ಸಾವ್ಕಾರ್ರು ಇದ್ದಾರೆ, ಅದರ ಹೆಸರೇ ಇವೆಂಟ್ ಲೂಪ್. ಮೌಸ್ ಒತ್ತಿದ್ದು, ಕೀಲಿ ಒತ್ತಿದ್ದು, ‘ನಿನ್ನ ಕಿಟಕಿಯನ್ನು ಮತ್ತೆ ಬಿಡಿಸು’ ಅಂತ ವಿಂಡೋಸ್ ಹೇಳಿದ್ದು, ಎಲ್ಲ ಒಂದು ಸಾಲಿನಲ್ಲಿ ಬಂದು ನಿಲ್ಲುತ್ತವೆ. ಲೂಪು ಒಂದೊಂದನ್ನೇ ತೆಗೆದು ಅದಕ್ಕೆ ತಕ್ಕ ಫಂಕ್ಷನ್ ಕರೆಯುತ್ತದೆ. ಫಂಕ್ಷನ್ ವಾಪಸ್ ಬಂದ ಮೇಲೇ ಮುಂದಿನದು.

ಆ ಪ್ರೋಗ್ರಾಮಿನಲ್ಲಿ ‘ಬದಲಾಯಿಸು’ ಗುಂಡಿಯ ಫಂಕ್ಷನ್ನೇ ಸಾವಿರ ಫೈಲನ್ನೂ ಬದಲಾಯಿಸುತ್ತಿತ್ತು. ಅಂದರೆ ಸಾವ್ಕಾರ್ರೇ ಎದ್ದು ಒಳಗೆ ಹೋಗಿ ಭಜಿ ಕರಿಯೋಕೆ ನಿಂತ ಹಾಗೆ. ಗಲ್ಲಾ ಖಾಲಿ, ಜನ ನಿಂತೇ ಇದ್ದಾರೆ. ಐದು ಸೆಕೆಂಡು ಕಿಟಕಿ ತನ್ನ ಸಾಲಿನ ಕಡೆ ತಿರುಗಿ ನೋಡದಿದ್ದರೆ ವಿಂಡೋಸು ಅದರ ಜಾಗದಲ್ಲಿ ಒಂದು ದೆವ್ವದ ಕಿಟಕಿ ತಂದಿಡುತ್ತದೆ. ದೆವ್ವ ಅನ್ನೋದು ನನ್ನ ಮಾತಲ್ಲ, ಮೈಕ್ರೋಸಾಫ್ಟಿನವರೇ ಅದನ್ನು ‘ಘೋಸ್ಟ್ ವಿಂಡೋ’ ಅಂತಾರೆ. ನಾವು ನೋಡುವ ಬಿಳಿ ಅದೇ. ಹುಡುಗ ಕ್ಲಿಕ್ ಮಾಡುತ್ತಿದ್ದದ್ದೂ ದೆವ್ವದ ಮೇಲೇ.

ಪದಪಟ್ಟಿಯನ್ನು ಮೊದಲಿಂದ ಕೊನೆವರೆಗೆ ಹುಡುಕೋದು ಬಿಟ್ಟು ಸೆಟ್‌ನಲ್ಲಿ ಹಾಕಿದರೆ ವೇಗ ಬರಲ್ವಾ ಅಂತ ಕೇಳುವವರಿಗೆ: ಅದನ್ನೂ ಮಾಡಿದೆ, ಬಂತು. ಆದರೂ ಮಾಮಾನ ಆ ಹಳೇ ಡಬ್ಬದಲ್ಲಿ ಸಾವಿರ ಫೈಲಿಗೆ ಹಲವು ನಿಮಿಷ ಬೇಕು. ಐದು ಸೆಕೆಂಡೆಲ್ಲಿ, ಹಲವು ನಿಮಿಷವೆಲ್ಲಿ!

ಹುಡುಕಿದರೆ ಇದಕ್ಕೆ ಎಲ್ಲರೂ ಕೊಡುವ ಮೊದಲ ಮದ್ದು ‘ಪ್ರೊಸೆಸ್‌ಇವೆಂಟ್ಸ್’. ಪ್ರತಿ ಫೈಲಾದ ಮೇಲೆ ಒಮ್ಮೆ ಅದನ್ನು ಕರೆದರೆ, ಸಾಲಿನಲ್ಲಿ ಕಾದಿದ್ದನ್ನೆಲ್ಲ ಮುಗಿಸಿ ವಾಪಸ್ ಬರುತ್ತದೆ. ಸಾವ್ಕಾರ್ರು ಒಂದು ಬಾಣಲೆ ಭಜಿ ತೆಗೆದು, ಕೈಯಲ್ಲಿ ಝಾರಿ ಹಿಡಿದೇ ಗಲ್ಲಾಕ್ಕೆ ಓಡಿ ಬಂದ ಹಾಗೆ. ಬಿಳಿ ಹೋಗುತ್ತದೆ, ನಿಜ. ಆದರೆ ಆ ಹೊತ್ತಿಗೆ ಹುಡುಗ ‘ಬದಲಾಯಿಸು’ ಅಂತ ಇನ್ನೊಮ್ಮೆ ಒತ್ತಿದರೆ? ಮೊದಲಿನ ಫಂಕ್ಷನ್ ಮುಗಿಯುವ ಮುಂಚೆ ಅದರ ಹೊಟ್ಟೆಯೊಳಗೇ ಅದೇ ಫಂಕ್ಷನ್ ಮತ್ತೆ ಶುರು, ಅದೇ ಫೈಲುಗಳ ಮೇಲೆ. ಅವನು ಒತ್ತುತ್ತಾನೆ, ಖಂಡಿತ ಒತ್ತುತ್ತಾನೆ, ಒತ್ತದೇ ಇರುವವನಾಗಿದ್ದರೆ ನಾನು ಬಸ್ಸು ಹತ್ತುವ ಪ್ರಸಂಗವೇ ಬರುತ್ತಿರಲಿಲ್ಲ. ಗುಂಡಿಯನ್ನು ಮಂಕು ಮಾಡಿ ಇಡಬಹುದು. ಕಿಟಕಿ ಮುಚ್ಚುವ ಗುಂಡಿಗೆ ಏನು ಮಾಡ್ತೀರಿ?

ಹಾಗಾಗಿ ಒಳಗೆ ಒಬ್ಬ ಭಟ್ಟಿಯವನು ಬೇಕೇ ಬೇಕು. ಥ್ರೆಡ್.

ಥ್ರೆಡ್ಡಿಗೆ ಕನ್ನಡದಲ್ಲಿ ‘ಎಳೆ’ ಅನ್ನಬಹುದು, ನನಗೆ ಇಷ್ಟದ ಪದ. ಆದರೆ ಪಕ್ಕದ ಇಳಕಲ್ಲಿನ ನೇಕಾರರ ಮುಂದೆ ‘ನಾನು ಎಳೆ ಜೋಡಿಸ್ತೀನಿ’ ಅಂದರೆ ನಕ್ಕಾರು. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಮಗ್ಗದ ಮೇಲೆ ಎರಡನ್ನೂ ಒಂದೊಂದೇ ಎಳೆಯಾಗಿ ಕೊಂಡಿ ಹಾಕಿ ಸೇರಿಸುತ್ತಾರೆ. ಆ ಕೊಂಡಿಯಿಂದಾಗಿಯೇ ಒಂದು ಸೀರೆಗೆ ಎಷ್ಟು ಬೇಕೋ ಅಷ್ಟೇ ಹಾಸು ಹೂಡೋದು, ಉದ್ದಕ್ಕೆ ನೇಯುತ್ತಾ ಹೋಗಿ ಬೇಕಾದಲ್ಲಿ ಕತ್ತರಿಸೋಕೆ ಬರೋದಿಲ್ಲ. ನಮ್ಮ ಎಳೆಗಳ ಕಷ್ಟವೂ ಕೊಂಡಿಯ ಜಾಗದಲ್ಲೇ ಇರೋದು, ನೋಡಿ.

ನಿಯಮ ಒಂದಿದೆ: ಕಿಟಕಿಯ ಮೇಲಿರುವ ಯಾವುದನ್ನೂ, ಗುಂಡಿಯಾಗಲಿ ಪ್ರಗತಿ ತೋರಿಸುವ ಪಟ್ಟಿಯಾಗಲಿ, ಹಿಂದಿನ ಥ್ರೆಡ್ ಮುಟ್ಟಬಾರದು. ಕ್ಯೂಟಿಯಲ್ಲೂ ಹಾಗೇ, ಜಾವಾದ ಸ್ವಿಂಗ್‌ನಲ್ಲೂ ಹಾಗೇ. ಮುಟ್ಟಿದರೆ ಹತ್ತು ಸಲ ನಡೆಯುತ್ತೆ, ಹನ್ನೊಂದನೇ ಸಲ ಪ್ರೋಗ್ರಾಮು ನಿಜವಾಗಿಯೂ ಸಾಯುತ್ತೆ. ಎಲ್ಲರೂ ಮುಟ್ಟುವ ಹಾಗೆ ಬೀಗ ಹಾಕಿ ತೆಗೆದು ಮಾಡಬಹುದಿತ್ತಲ್ಲ ಅಂತ ಅನ್ನಿಸುವುದು ಸಹಜ. ಸನ್ ಕಂಪನಿಯಲ್ಲಿದ್ದ ಗ್ರಹಾಂ ಹ್ಯಾಮಿಲ್ಟನ್ 2004ರಲ್ಲಿ ತಮ್ಮ ಬ್ಲಾಗಿನಲ್ಲೇ ಇದರ ಬಗ್ಗೆ ಬರೆದಿದ್ದರು. ಮೌಸಿನ ಒತ್ತು ಕೆಳಗಿನ ಪದರದಿಂದ ಮೇಲೆ ಬರುತ್ತದೆ, ನಮ್ಮ ಕೋಡು ‘ಇದನ್ನು ಬಿಡಿಸು’ ಅಂತ ಮೇಲಿನಿಂದ ಕೆಳಗೆ ಹೋಗುತ್ತದೆ. ಇಬ್ಬರೂ ದಾರಿಯುದ್ದಕ್ಕೆ ಬೀಗ ಹಾಕುತ್ತಾ ಬಂದರೆ ನಡುವೆ ಎದುರುಬದುರು ಸಿಗುತ್ತಾರೆ. ಕಬ್ಬಿನ ಸುಗ್ಗಿಯಲ್ಲಿ ನಮ್ಮ ಕಡೆ ಬಂದಿದ್ದರೆ ನಿಮಗೆ ಗೊತ್ತು. ಹೊಲದ ಸಣ್ಣ ದಾರಿಯಲ್ಲಿ ಎರಡು ಟ್ರೈಲರ್ ಕಟ್ಟಿಕೊಂಡ ಟ್ರ್ಯಾಕ್ಟರ್ ಈ ಕಡೆಯಿಂದ, ಅಂಥದ್ದೇ ಇನ್ನೊಂದು ಆ ಕಡೆಯಿಂದ. ಇಬ್ಬರೂ ರಿವರ್ಸ್ ಹೊಡೆಯೋ ಹಾಗಿಲ್ಲ. ಚಾಲಕರು ಎಷ್ಟೇ ಒಳ್ಳೆಯವರಾದರೂ ಅಷ್ಟೇ.

ಆದ್ದರಿಂದ ಭಟ್ಟಿಯವನು ಪ್ಲೇಟನ್ನು ತಾನೇ ಟೇಬಲ್ಲಿಗೆ ತರೋದಿಲ್ಲ, ಕಟ್ಟೆಯ ಮೇಲಿಟ್ಟು ಕೂಗುತ್ತಾನೆ. ಕ್ಯೂಟಿಯಲ್ಲಿ ಇದು ಸಿಗ್ನಲ್ ಮತ್ತು ಸ್ಲಾಟ್. ಹಿಂದಿನ ಥ್ರೆಡ್ ‘ಇಷ್ಟು ಫೈಲು ಮುಗೀತು’ ಅಂತ ಸಿಗ್ನಲ್ ಕೊಟ್ಟರೆ ಅದು ನೇರ ಓಡೋದಿಲ್ಲ, ಮುಖ್ಯ ಥ್ರೆಡ್ಡಿನ ಸಾಲಿನಲ್ಲಿ ಇನ್ನೊಂದು ಇವೆಂಟಾಗಿ ಹೋಗಿ ನಿಲ್ಲುತ್ತದೆ. ಸಾವ್ಕಾರ್ರು ಸರದಿ ಬಂದಾಗ ತಗೊಂಡು ಪಟ್ಟಿ ಸರಿಸುತ್ತಾರೆ. 2005ರ ಕ್ಯೂಟಿ 4ರಿಂದ ಈ ಅನುಕೂಲ ಇದೆ.

ಪದ ಪದಕ್ಕೂ ಸಿಗ್ನಲ್ ಕೊಟ್ಟರೆ ಏನಾಗುತ್ತೆ ಅಂತ ಬೇಕಂತಲೇ ಮಾಡಿ ನೋಡಿದೆ. ಮತ್ತೆ ಬೆಳ್ಳಗೆ! ಗಲ್ಲಾದ ಮುಂದೆ ಜನರಿಗಿಂತ ಅಡಿಗೆಮನೆಯ ಕೂಗೇ ಜಾಸ್ತಿಯಾದರೆ ಇನ್ನೇನಾಗುತ್ತೆ. ಸೆಕೆಂಡಿಗೆ ಹತ್ತು ಸಲಕ್ಕಿಂತ ಹೆಚ್ಚು ಹೇಳಬಾರದು ಅಂತ ಕಟ್ಟುಮಾಡಿದೆ, ಕಣ್ಣಿಗೆ ಅಷ್ಟು ಸಾಕು. ಇನ್ನು ಪೈಥಾನಿನಲ್ಲಿ ಜಿಐಎಲ್ ಅಂತ ಒಂದು ಬೀಗ ಇದೆ, ಒಮ್ಮೆಗೆ ಒಂದೇ ಥ್ರೆಡ್ ಪೈಥಾನ್ ಕೋಡು ಓಡಿಸಬಹುದು. ಹಾಗಾದರೆ ಥ್ರೆಡ್ಡಿನಿಂದ ಏನು ಬಂತು ಅಂತೀರಾ? ಐದು ಮಿಲಿಸೆಕೆಂಡಿಗೊಮ್ಮೆ ಕೇಳಿದವರಿಗೆ ಬಿಟ್ಟುಕೊಡುತ್ತದೆ, ಗಲ್ಲಾ ನಡೆಯೋಕೆ ಧಾರಾಳ ಸಾಕು. ಕೆಲಸ ಬೇಗ ಮುಗಿಯೋದಿಲ್ಲ, ಅಷ್ಟೇ. 2024ರ ಅಕ್ಟೋಬರಿನಲ್ಲಿ ಬಂದ 3.13ರಲ್ಲಿ ಆ ಬೀಗ ಇಲ್ಲದ ಪೈಥಾನನ್ನೂ ಪ್ರಯೋಗಕ್ಕೆ ಅಂತ ಕೊಟ್ಟಿದ್ದಾರೆ. ಕುಳಗೇರಿ ಕ್ರಾಸಿಗೆ ಅದರ ಅವಸರ ಇರಲಿಲ್ಲ :)

ಅವಸರ ಇದ್ದದ್ದು ‘ನಿಲ್ಲಿಸು’ ಗುಂಡಿಗೆ. ಲಗ್ನಪತ್ರಿಕೆಯವರು ಬಂದು ಕೂತರೆ ಮಾಮಾನಿಗೆ ಆ ಕ್ಷಣವೇ ಕಂಪ್ಯೂಟರು ಬೇಕು. ನಿಲ್ಲಿಸೋಕೆ ಸರಿಯಾದ ದಾರಿ ಇಲ್ಲದಿದ್ದರೆ ಹುಡುಗ ಹಳೇ ದಾರಿಯನ್ನೇ ಹಿಡಿಯುತ್ತಾನೆ, ಅದರಲ್ಲಿ ಅವನದೇನೂ ತಪ್ಪಿಲ್ಲ. ಥ್ರೆಡ್ಡನ್ನು ಅಲ್ಲೇ ಕೊಲ್ಲುವ ‘ಟರ್ಮಿನೇಟ್’ ಕ್ಯೂಟಿಯಲ್ಲಿದೆ. ಅದು ಎಂಡ್ ಟಾಸ್ಕಿನ ತಮ್ಮ. ಬರೆಯುತ್ತಿದ್ದ ಫೈಲು ಅರ್ಧ, ಹಾಕಿದ್ದ ಬೀಗ ಹಾಕಿದ ಹಾಗೇ. ಬೇಡ.

ಇನ್ನೊಂದು ಸೂಕ್ಷ್ಮ. ಮೇಲೆ ಬರುವ ಸುದ್ದಿಗೆ ಸಿಗ್ನಲ್ ಇದ್ದ ಹಾಗೆ ಕೆಳಗೆ ‘ನಿಲ್ಲು’ ಅಂತ ಹೇಳೋಕೂ ಸಿಗ್ನಲ್ ಸಾಕಲ್ಲ ಅಂತ ಅನ್ನಿಸುತ್ತದೆ. ಕೊಟ್ಟು ನೋಡಿ, ಏನೂ ಆಗೋದಿಲ್ಲ. ಯಾಕಂದರೆ ಆ ಸಿಗ್ನಲ್ ಹೋಗಿ ನಿಲ್ಲುವುದು ಹಿಂದಿನ ಥ್ರೆಡ್ಡಿನ ಸಾಲಿನಲ್ಲಿ, ಆ ಥ್ರೆಡ್ಡು ಸಾವಿರ ಫೈಲಿನ ಫಂಕ್ಷನ್ನಿನಲ್ಲಿ ಮುಳುಗಿದೆ, ತನ್ನ ಸಾಲಿನ ಕಡೆ ನೋಡುವುದು ಎಲ್ಲ ಮುಗಿದ ಮೇಲೆ. ಸ್ಟೋವಿನ ಸದ್ದಿನಲ್ಲಿ ಭಟ್ಟಿಯವನಿಗೆ ಕೂಗಿದರೆ ಕೇಳಿಸೀತೇ? ಅದರ ಬದಲು ಗೋಡೆಗೆ ಒಂದು ಹಲಗೆ ತೂಗಿಬಿಟ್ಟು, ಬೇಕಾದಾಗ ಅದನ್ನು ತಿರುವಿ ಹಾಕುವುದು. ಒಂದೊಂದು ಬಾಣಲೆ ತೆಗೆದಾಗಲೂ ಅವನು ತಾನೇ ತಲೆಯೆತ್ತಿ ಹಲಗೆ ನೋಡಬೇಕು. ಕ್ಯೂಥ್ರೆಡ್ಡಿನಲ್ಲಿ ಈ ಹಲಗೆ ತಯಾರಾಗಿಯೇ ಇದೆ, ‘ರಿಕ್ವೆಸ್ಟ್ ಇಂಟರಪ್ಷನ್’ ಅಂತ. ಒಂದು ಫೈಲು ಮುಗಿದು ಇನ್ನೊಂದು ಶುರುವಾಗುವ ಮುಂಚೆ ‘ತಿರುವಿದ್ದಾರಾ?’ ಅಂತ ನೋಡುವುದು. ತಿರುವಿದ್ದರೆ ಮರ್ಯಾದೆಯಿಂದ ಹೊರಗೆ ಬರುವುದು. ನಿಲ್ಲು ಅಂತ ಹೇಳಬಹುದು, ನಿಲ್ಲೋದು ಅವನೇ.

ಕಿಟಕಿ ಮುಚ್ಚುವುದಕ್ಕೂ ಇದೇ ಪದ್ಧತಿ. ಮುಚ್ಚುವ ಗುಂಡಿ ಒತ್ತಿದಾಗ ಮುಖ್ಯ ಥ್ರೆಡ್ಡು ಹಿಂದಿನದು ಮುಗಿಯಲಿ ಅಂತ ಕಾಯುತ್ತಾ ಕೂತರೆ ಮತ್ತೆ ದೆವ್ವ ಬರುತ್ತೆ. ಕಾಯಬಾರದು. ಹಲಗೆ ತಿರುವಿ, ಮುಚ್ಚುವುದನ್ನು ಸದ್ಯಕ್ಕೆ ನಿರಾಕರಿಸಿ, ‘ಈ ಫೈಲು ಮುಗೀಲಿ, ತಾನೇ ಮುಚ್ಚತೈತಿ’ ಅಂತ ಒಂದು ಸಾಲು ತೋರಿಸಿ ಸುಮ್ಮನೆ ಗಲ್ಲಾ ನೋಡಿಕೊಳ್ಳುವುದು. ಹಿಂದಿನ ಥ್ರೆಡ್ಡಿನಿಂದ ‘ಮುಗೀತು’ ಅನ್ನೋ ಸಿಗ್ನಲ್ ಬಂದಾಗ ನಿಜವಾಗಿ ಮುಚ್ಚುವುದು. ಆ ಸಾಲನ್ನು ನಮ್ಮ ಭಾಷೆಯಲ್ಲೇ ಹಾಕಿದ್ದೇನೆ, ಹುಡುಗ ಓದಬೇಕಲ್ಲ.

ಇಷ್ಟಾದರೂ ಕರೆಂಟು ಹೋದರೆ? ಹೋಗೇ ಹೋಗುತ್ತೆ, ಅಂಗಡಿಯ ಯುಪಿಎಸ್ಸಿನ ಬ್ಯಾಟರಿ ಮಾಸ್ತರ ಕಾಲದ್ದು. ಆದ್ದರಿಂದ ಮೂಲ ಫೈಲಿನ ಮೇಲೆ ಬರೆಯೋದನ್ನೇ ತೆಗೆದೆ. ಹೊಸದೆಲ್ಲ ಬೇರೆ ಫೋಲ್ಡರಿಗೆ, ಅದೂ ಮೊದಲು ತಾತ್ಕಾಲಿಕ ಹೆಸರಿನಲ್ಲಿ. ಪೂರ್ತಿ ಬರೆದು ಮುಚ್ಚಿದ ಮೇಲೆ ಒಂದೇ ಏಟಿಗೆ ನಿಜವಾದ ಹೆಸರು. ಮತ್ತೆ ಶುರು ಮಾಡಿದಾಗ ನಿಜ ಹೆಸರಿನಲ್ಲಿ ಇರುವುದನ್ನು ಬಿಟ್ಟು ಮುಂದಿನದಕ್ಕೆ ಹೋಗುತ್ತದೆ. ನನ್ನನ್ನು ಕೇಳಿದರೆ ಥ್ರೆಡ್ಡಿಗಿಂತ ಮೊದಲು ಮಾಡಬೇಕಾದ್ದು ಇದನ್ನೇ.

ಭಾನುವಾರ ಮಧ್ಯಾಹ್ನ ಓಡಿಸಿದೆವು. ಅದು ಓಡುತ್ತಿರುವಾಗಲೇ ಹುಡುಗ ಕಿಟಕಿಯನ್ನು ಹಿಡಿದು ಆ ಕಡೆ ಈ ಕಡೆ ಎಳೆದಾಡಿದ, ‘ನಿಲ್ಲಿಸು’ ಒತ್ತಿದ, ಮತ್ತೆ ಶುರು ಮಾಡಿದ, ಮುಚ್ಚಿದ, ಟಾಸ್ಕ್ ಮ್ಯಾನೇಜರಿನಿಂದ ಕೊಂದೂ ನೋಡಿದ. “ಈಗ ಬೇಕಾದ್ರ ಕೊಲ್ಲು,” ಅಂತ ನಾನೇ ಹೇಳಿದ್ದೆ. ಕೊಂದಾಗ ತಾತ್ಕಾಲಿಕ ಹೆಸರಿನ ಒಂದು ಅರೆಬರೆ ಫೈಲು ಉಳಿಯಿತು, ಮೂಲ ಇದ್ದ ಹಾಗೇ ಇತ್ತು. ಪಕ್ಕದಲ್ಲೇ ಮಾಮಾ ಒಂದು ಅರ್ಜಿ ಟೈಪು ಮಾಡಿ ಪ್ರಿಂಟೂ ತೆಗೆದ. “ಒಳಗ ನಡದತೇನೋ ಅದು?” ಅಂತ ಎರಡು ಸಲ ಕೇಳಿದ. ನಡೆದಿತ್ತು.

ಮೊದಲೇ ಹಾಳಾಗಿದ್ದ ನಾಕರಲ್ಲಿ ಎರಡು, ಮಾಮಾ 2008ರಲ್ಲಿ ಸುಟ್ಟಿಟ್ಟಿದ್ದ ಒಂದು ಸೀಡಿಯಲ್ಲಿ ಸಿಕ್ಕವು. ಆ ಸೀಡಿ ಓದುವ ಡ್ರೈವ್ ಹುಡುಕೋಕೆ ಕೆರೂರಿನವರೆಗೆ ಹೋಗಬೇಕಾಯ್ತು, ಆ ಕಥೆ ಬೇರೆ. ಉಳಿದೆರಡು ಎಲ್ಲೂ ಇಲ್ಲ. ಎರಡೂ ಹಂತಿ ಪದಗಳೇ. ಒಂದರಲ್ಲಿ ಹದಿನಾಲ್ಕು ಸಾಲು ಉಳಿದಿದೆ, ಇನ್ನೊಂದರಲ್ಲಿ ಆರು, ಆರನೆಯದು ನಡುವೆಯೇ ತುಂಡು.

ಮಾಸ್ತರ ಮಗಳು ಸಂಜೆ ಬಂದು ಮೊಬೈಲಿನಲ್ಲಿ ತೆರೆದು ನೋಡಿದರು. ತುಂಡಾದ ಸಾಲನ್ನು ತೆಗೆದುಬಿಡಲಾ ಅಂತ ಕೇಳಿದೆ. “ಬ್ಯಾಡ್ರಿ, ಹಂಗ ಇರ್ಲಿ. ಇದರ ಮುಂದ ಹಾಡು ಇತ್ತು ಅಂತ ಕೆಳಗ ಬರೀರಿ,” ಅಂದರು. ಹುಡುಗನೇ ಕೂತು ಟೈಪು ಮಾಡಿದ.